ಹೆಪ್ಪು ಕೆಟ್ಟರೆ ಯಾರ ತಪ್ಪು?

ಶಂಕರಪುರಂನ ಆ ಅಡ್ಡರಸ್ತೆಯಲ್ಲಿ ಯಾರ ಮನೆಯ ಮೊಸರು ಕೆಟ್ಟರೂ, ಬಟ್ಟಲು ಹಿಡಿದುಕೊಂಡು ಬರುವುದು ವೇದವತಿಯವರ ಮನೆ ಬಾಗಿಲಿಗೇ. "ವೇದಮ್ಮಾ, ಒಂದು ಚಮಚ ಹೆಪ್ಪು ಕೊಡಿ" ಅಂದರೆ ಸಾಕು. ಅತ್ತೆಯ ಕಾಲದಿಂದ ಬಂದ ಹೆಪ್ಪು ಅದು. ನಿನ್ನೆಯ ಮೊಸರಿನಿಂದ ಇವತ್ತಿನದು, ಇವತ್ತಿನದರಿಂದ ನಾಳೆಯದು. ಬಟ್ಟಲು ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಆ ಹೆಪ್ಪು ಹಾಕುವ ಕೆಲಸವನ್ನು ವೇದವತಿ ಯಾರ ಕೈಗೂ ಬಿಟ್ಟವರಲ್ಲ. ಮಡಿಯುಟ್ಟು, ದೇವರ ನೈವೇದ್ಯಕ್ಕೆ ಎತ್ತಿಟ್ಟು, ಆಮೇಲೆಯೇ ಉಳಿದವರಿಗೆ. ಸೊಸೆ ಶ್ರೀವಿದ್ಯಾ ಮನೆ ತುಂಬಿ ಇಷ್ಟು ವರ್ಷವಾದರೂ ಮೊನ್ನೆಮೊನ್ನೆಯವರೆಗೆ ಆ ಬಟ್ಟಲಿಗೆ ಅವಳ ಬೆರಳು ತಾಗಿರಲಿಲ್ಲ.

ಹಾಗಿರುವಾಗ ವೈಶಾಖದ ಒಂದು ಬೆಳಿಗ್ಗೆ ಎದುರುಮನೆಯ ಲಕ್ಷ್ಮೀದೇವಮ್ಮ ಹೆಪ್ಪಿಗೆ ಬಂದರೆ, ತಂದುಕೊಟ್ಟವಳು ಸೊಸೆ.

"ಏನಮ್ಮಾ ಇದು, ಸೂರ್ಯ ಎಲ್ಲಿ ಹುಟ್ಟಿದ ಇವತ್ತು? ನಿಮ್ಮತ್ತೆ ಎಲ್ಲಿ?"

"ಮಂಡಿ ನೋವಂತೆ ಆಂಟಿ. ಮೂರು ದಿನದಿಂದ ಅಡುಗೆಮನೆಗೇ ಬಂದಿಲ್ಲ. ಹೋದ ತಿಂಗಳೂ ಹಿಂಗೇ ಆಯ್ತು. ಹೆಪ್ಪು ನಾನೇ ಹಾಕಿದ್ದು, ಸ್ವಲ್ಪ ನೀರಾಗಿದೆ, ಬೈಕೋಬೇಡಿ."

ಹಿತ್ತಿಲ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದ ವೇದವತಿಗೆ ಈ ಮಾತೆಲ್ಲ ಕೇಳಿಸಿತು. ಲಕ್ಷ್ಮೀದೇವಮ್ಮ ಅಂದರೆ ಸಾಮಾನ್ಯದವರಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕೊನೆಯ ಬೆಂಚಿನವರ ನಿದ್ದೆ ಕೆಡಿಸಿದ ಗಂಟಲು, ಸುಳ್ಳು ಹೇಳಿದ ಹುಡುಗಿಯನ್ನು ದೂರದಿಂದಲೇ ಹಿಡಿಯುವ ಕಣ್ಣು. ಚಪ್ಪಲಿ ಬಿಟ್ಟು ನೇರ ಒಳಗೇ ಬಂದರು.

"ಏನ್ರೀ ವೇದಮ್ಮಾ, ಮಂಡಿ ನೋವಂತೆ?"

"ಹೂಂ ಲಕ್ಷ್ಮಕ್ಕ. ವಯಸ್ಸಾಯ್ತಲ್ಲ."

"ನಿನ್ನೆ ಒಗೆದ ಸೀರೆ, ಚಾಪೆ ಎಲ್ಲಾ ಹೊತ್ಕೊಂಡು ದಡದಡ ತಾರಸಿ ಹತ್ತಿದ್ರಲ್ಲ, ಆಗ ಎಲ್ಲಿ ಹೋಗಿತ್ತು ಈ ಮಂಡಿ ನೋವು? ನಮ್ಮನೆ ಕಿಟಕಿಯಿಂದ ಎಲ್ಲಾ ಕಾಣುತ್ತೆ ಕಣ್ರೀ."

ವೇದವತಿ ತಲೆ ತಗ್ಗಿಸಿದರು. ಬಾಗಿಲ ಕಡೆ ನೋಡಿ, ಸೊಸೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಿಸುಮಾತಿನಲ್ಲಿ ಹೇಳಿದರು.

"ಹತ್ರ ಬರ್ಬೇಡಿ. ದೂರ ಕೂತಿದೀನಿ."

"ಏನು? ಮುಟ್ಟಾ? ನಿಮಗೆ ನಿಂತು ಹತ್ತು ವರ್ಷದ ಮೇಲಾಯ್ತಲ್ರೀ!"

"ಮೆತ್ತಗೆ ಲಕ್ಷ್ಮಕ್ಕ, ಬೀದಿಗೆಲ್ಲಾ ಕೇಳ್ಸುತ್ತೆ. ಇದು ಮೂರನೇ ಸಲ. ನಂಗೊತ್ತು ಯಾಕೆ ಅಂತ. ನನ್ನ ಋಷಿಪಂಚಮಿ ಉದ್ಯಾಪನೇಲಿ ಲೋಪ ಆಗಿದೆ."

ಋಷಿಪಂಚಮಿ ಗೊತ್ತಲ್ಲ? ಮುಟ್ಟಿನ ದಿನಗಳಲ್ಲಿ ತಿಳಿಯದೆ ಆದ ದೋಷ ಕಳೆಯಲಿ ಅಂತ ಗಣೇಶನ ಹಬ್ಬದ ಮರುದಿನ ಹೆಂಗಸರು ಏಳು ಋಷಿಗಳನ್ನು ಪೂಜಿಸಿ ಮಾಡುವ ವ್ರತ. ಮುಟ್ಟು ನಿಂತ ಮೇಲೆ ಉದ್ಯಾಪನೆ ಮಾಡಿ ವ್ರತ ಮುಗಿಸುತ್ತಾರೆ. ಅಲ್ಲಿಂದ ಮುಂದೆ ಅವರ ಮಡಿಗೆ ತಡೆಯಿಲ್ಲ. ತಿಂಗಳಿಗೊಮ್ಮೆ ಹೊರಗೆ ಕೂರುವ ರಗಳೆಯಿಲ್ಲ, ದೇವರ ಅಡುಗೆಯೆಲ್ಲ ಅವರದೇ ಕೈ. ವೇದವತಿಯವರೂ ಮಠದಲ್ಲಿ ಸಾಂಗವಾಗಿ ಉದ್ಯಾಪನೆ ಮಾಡಿದ್ದರು. ಸಾಂಗವಾಗಿ ಅಂದರೆ, ಒಂದು ಚೂರು ಕೊರತೆಯೊಂದಿಗೆ.

"ಅವತ್ತು ಹಲ್ಲುಜ್ಜೋಕೆ ನೂರೆಂಟು ಉತ್ತರಾಣಿ ಕಡ್ಡಿ ಬೇಕಿತ್ತು, ಒಂದೆರಡು ಕಡಿಮೆ ಬಿತ್ತು. ಗಾಂಧಿಬಜಾರೆಲ್ಲಾ ಹುಡುಕಿದ್ರೂ ಸಿಗ್ಲಿಲ್ಲ. ಆಚಾರ್ರು ಪರವಾಗಿಲ್ಲ ಅಂದ್ರು. ನನ್ನ ಮನಸ್ಸಿಗೆ ಆಗ್ಲೇ ಚುಚ್ಚಿತ್ತು. ಈ ಭಾದ್ರಪದದಲ್ಲಿ ಇನ್ನೊಂದ್ಸಲ ಮಾಡ್ಬಿಡ್ತೀನಿ, ಸರಿಹೋಗುತ್ತೆ. ಅಲ್ಲೀವರೆಗೆ ದಯವಿಟ್ಟು ಯಾರಿಗೂ ಹೇಳ್ಬೇಡಿ."

ಲಕ್ಷ್ಮೀದೇವಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಆ ಏಳು ಜನ ಋಷಿಗಳಿಗೆ ಬೇರೆ ಕೆಲ್ಸ ಇಲ್ವೇನ್ರೀ, ನಿಮ್ಮ ಕಡ್ಡಿ ಎಣಿಸ್ತಾ ಕೂರೋಕೆ? ಭಾದ್ರಪದ ಅಂದ್ರೆ ಇನ್ನೂ ಎಷ್ಟು ತಿಂಗಳಿದೆ! ಕೇಳಿ ಇಲ್ಲಿ. ನಿಂತು ಒಂದು ವರ್ಷ ದಾಟಿದ ಮೇಲೆ ಮತ್ತೆ ಕಂಡ್ರೆ ಅದು ಮುಟ್ಟಲ್ಲ. ಅದು ರಕ್ತಸ್ರಾವ. ಒಂದು ಹನಿ ಕಂಡ್ರೂ ಡಾಕ್ಟರಿಗೆ ತೋರಿಸ್ಬೇಕು."

"ಅಂದ್ರೆ? ಕ್ಯಾನ್ಸರ್ ಅಂತೀರಾ?"

"ಅಂತ ನಾನು ಹೇಳ್ಲಿಲ್ಲ. ಹತ್ತು ಜನಕ್ಕೆ ಹಿಂಗಾದ್ರೆ ಸುಮಾರು ಒಂಬತ್ತು ಜನಕ್ಕೆ ಬೇರೆ ಕಾರಣ ಇರುತ್ತೆ. ಒಳಗಿನ ಪೊರೆ ಒಣಗಿರುತ್ತೆ, ಇಲ್ಲಾ ಸಣ್ಣ ಗಂಟಿರುತ್ತೆ. ಆದ್ರೆ ಆ ಹತ್ತನೆಯವರು ನೀವಲ್ಲ ಅಂತ ನೋಡ್ಕೋಬೇಕೋ ಬೇಡ್ವೋ?"

"ನಂಗೆ ಎಲ್ಲಿಂದ ಬರುತ್ತೆ ಲಕ್ಷ್ಮಕ್ಕ? ನಮ್ಮ ತವರಲ್ಲೂ ಇಲ್ಲ, ಈ ಮನೇಲೂ ಯಾರಿಗೂ ಇರ್ಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಮುಟ್ಟಿದ ಬಾಯಲ್ಲ ಇದು. ಹೊರಗಡೆ ನೀರೂ ಕುಡಿಯಲ್ಲ. ಇಷ್ಟು ಮಡೀಲಿರೋಳಿಗೆ ಆ ಹಾಳು ರೋಗ ಬರುತ್ತಾ?"

ಮೇಡಂ ಮೇಡಮ್ಮೇ. ಬೈಯುವುದು ಬಿಟ್ಟು ಪಾಠಕ್ಕೆ ಕುಳಿತರು, ಅದೂ ಚಾಪೆಯ ತುದಿಯ ಮೇಲೇ. ವೇದವತಿ "ಅಯ್ಯೋ, ಅಯ್ಯೋ" ಅಂದರೂ ಏಳಲಿಲ್ಲ.

"ಒಂದು ಶ್ರಾವಣದಲ್ಲಿ ನಿಮ್ಮ ಹೆಪ್ಪು ಕೆಟ್ಟಿತ್ತು, ನೆನಪಿದೆಯಾ?"

"ನೆನಪಿಲ್ದೆ ಏನು! ಮೊಸರು ಎತ್ತಿದ್ರೆ ನೂಲು ನೂಲಾಗಿ ಲೋಳೆ. ಥೂ."

"ಯಾರು ಕೆಡಿಸಿದ್ರು?"

"ಯಾರೂ ಇಲ್ಲ. ಅದೇ ಹಾಲು, ಅದೇ ಪಾತ್ರೆ, ಅದೇ ನನ್ನ ಕೈ."

"ನಿಮ್ಮತ್ತೆ ಕೊಟ್ಟಾಗ್ಲೇ ಕೆಟ್ಟಿತ್ತಾ?"

"ಛೆ, ಬಿಡ್ತು ಅನ್ನಿ. ಎಷ್ಟೋ ವರ್ಷ ಬಂಗಾರದಂಗಿತ್ತು. ಒಂದಿನ ಒಂಚೂರು ಎಳೆ ಬಂತು. ಹೋಗ್ಲಿ ಬಿಡು ಅಂತ ಅದರಲ್ಲೇ ಮಾರನೇ ದಿನಕ್ಕೆ ಹೆಪ್ಪು ಹಾಕಿದೆ. ಆಮೇಲೆ ದಿನಾ ಲೋಳೆ. ಎಲ್ಲಾ ಚೆಲ್ಲಿ, ಚಾಮರಾಜಪೇಟೆ ನಾದಿನಿ ಮನೆಗೆ ನಾನೇ ಕೊಟ್ಟಿದ್ದ ಹೆಪ್ಪನ್ನ ವಾಪಸ್ ತಂದೆ."

"ಅಷ್ಟೇ ಪಾಠ. ಅರ್ಧ ನೀವೇ ಹೇಳ್ಬಿಟ್ರಿ" ಅಂದರು ಲಕ್ಷ್ಮೀದೇವಮ್ಮ. "ನಮ್ಮ ಮೈಯೂ ಹಂಗೇ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು ಕೋಟಿ ಕೋಟಿ. ಹಳೇದರಿಂದ ಹೊಸದು, ಹೊಸದರಿಂದ ಇನ್ನೊಂದು. ಹೆಂಗೆ ಬೆಳೀಬೇಕು, ಯಾವಾಗ ನಿಲ್ಲಿಸ್ಬೇಕು ಅನ್ನೋ ಪಾಠ ಒಂದೊಂದರ ಒಳಗೂ ಇರುತ್ತೆ, ಸುಮಾರು ಮುನ್ನೂರು ಕೋಟಿ ಅಕ್ಷರ. ಹೊಸ ಕೋಶ ಹುಟ್ಟೋವಾಗೆಲ್ಲಾ ಅಷ್ಟನ್ನೂ ನಕಲು ಮಾಡ್ಬೇಕು. ಮಾಡುವಾಗ ತಪ್ಪಾಗುತ್ತೆ. ತಿದ್ದೋ ಏರ್ಪಾಡೂ ಮೈಯಲ್ಲೇ ಇದೆ, ಬಹಳ ಚೆನ್ನಾಗಿ ತಿದ್ದುತ್ತೆ. ಆದ್ರೂ ಅಲ್ಲೊಂದು ಇಲ್ಲೊಂದು ಉಳ್ಕೊಳ್ಳುತ್ತೆ. ಅದನ್ನೇ ಮ್ಯುಟೇಶನ್ ಅಂತ ಬೋರ್ಡ್ ಮೇಲೆ ಬರೀತಿದ್ದೆ. ಪುಸ್ತಕದ ಕನ್ನಡದಲ್ಲಿ ಉತ್ಪರಿವರ್ತನೆ."

"ಅದು ನಂಗೆ ಮಾತ್ರ ಯಾಕಾಯ್ತು?"

"ನಿಮಗೆ ಮಾತ್ರ ಎಲ್ಲಾಯ್ತು? ನಂಗೂ ಆಗಿದೆ, ಆ ಸೊಸೆ ಹುಡುಗಿಗೂ ಆಗಿದೆ. ತಾಯಿ ಹೊಟ್ಟೇಲಿದ್ದಾಗಲೇ ಶುರು, ವರ್ಷ ವರ್ಷ ಸೇರ್ತಾ ಹೋಗುತ್ತೆ. ಹೆಚ್ಚಿನವು ಏನೂ ಮಾಡಲ್ಲ, ತಮ್ಮ ಪಾಡಿಗೆ ಬಿದ್ದಿರುತ್ವೆ. ಯಾವುದೋ ಒಂದು ಕೋಶದಲ್ಲಿ 'ಇನ್ನು ಸಾಕು ನಿಲ್ಲು' ಅನ್ನೋ ಪಾಠವೇ ಕೆಟ್ಟು, ಅದರ ಸಂತಾನದಲ್ಲಿ ಇನ್ನೊಂದು ಕೆಟ್ಟು, ಮತ್ತೊಂದು ಕೆಟ್ಟು, ಹಿಂಗೆ ಒಂದರ ಮೇಲೊಂದು ಕೂಡ್ಕೊಂಡ್ರೆ ಮಾತ್ರ ಅದು ಲಂಗುಲಗಾಮಿಲ್ದೆ ಬೆಳೆಯುತ್ತೆ. ಅದಕ್ಕೇ ಕ್ಯಾನ್ಸರ್ ಇಪ್ಪತ್ತಕ್ಕಿಂತ ಅರವತ್ತರಲ್ಲಿ ಜಾಸ್ತಿ. ಹೊಗೆಸೊಪ್ಪು, ಸಿಗರೇಟು ಆ ತಪ್ಪುಗಳನ್ನ ಹೆಚ್ಚಿಸುತ್ತೆ, ನಿಜ. ಆದ್ರೆ ಏನೂ ಮಾಡದೆ ಕೂತವರಿಗೂ ವಯಸ್ಸಾಗುತ್ತಲ್ಲ? ಅಪ್ಪ ಅಮ್ಮನಿಂದ ಬರೋದು ನೂರು ಕ್ಯಾನ್ಸರಲ್ಲಿ ಐದೋ ಹತ್ತೋ. ಮಿಕ್ಕಿದ್ದು ನಮ್ಮ ಮೈಯಲ್ಲೇ, ನಾವು ಬದುಕ್ತಾ ಬದುಕ್ತಾ ಆಗೋದು."

ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. "ಗರ್ಭಕೋಶದ ಒಳಪೊರೆ ತಿಂಗಳು ತಿಂಗಳೂ ಉದುರಿ ಮತ್ತೆ ಹೊಸದಾಗಿ ಬೆಳೆದಿದೆ. ಎಷ್ಟು ವರ್ಷ! ಎಷ್ಟು ಸಲ ಹೆಪ್ಪು ಹಾಕಿದಂಗಾಯ್ತು ನೀವೇ ಯೋಚ್ನೆ ಮಾಡಿ. ಜತೆಗೆ ನಿಮಗೆ ಶುಗರ್ ಬೇರೆ ಇದೆ, ಮೈತೂಕಾನೂ ಇದೆ. ಅವೆರಡೂ ಈ ಕಾಯಿಲೆಗೆ ದಾರಿ ಮಾಡ್ಕೊಡುತ್ವೆ. ಮಡಿ ಮಾಡಿದ್ರೆ ಕೋಶಕ್ಕೆ ಗೊತ್ತಾಗಲ್ಲ ವೇದಮ್ಮಾ."

ವೇದವತಿ ಚಾಪೆಯ ಎಳೆ ಕೀಳುತ್ತಾ ಕೇಳಿದರು, "ಹಂಗಾದ್ರೆ ಇದು ಪಾಪದ ಫಲ ಅಲ್ವಾ?"

"ಹೆಪ್ಪು ಕೆಟ್ಟಿದ್ದು ಯಾರ ತಪ್ಪು ಅಂದ್ರಿ?"

"ಯಾರದ್ದೂ ಅಲ್ಲ."

"ಇದೂ ಅಷ್ಟೇ."

ಆಗ ವೇದವತಿಯವರ ಕಣ್ಣಿಂದ ನೀರು ಇಳಿಯಿತು. ಎದೆಯೊಳಗಿದ್ದ ನಿಜವಾದ ಭಾರ ಉತ್ತರಾಣಿ ಕಡ್ಡಿಯದ್ದಲ್ಲ, ಬೇರೆಯೇ ಇತ್ತು. "ಫಾಲ್ಗುಣದಲ್ಲಿ ಅತ್ತೆ ಶ್ರಾದ್ಧದ ದಿನ ಮೊದಲನೇ ಸಲ ಕಂಡಿದ್ದು, ಲಕ್ಷ್ಮಕ್ಕ. ಒಲೆ ಮೇಲೆ ಪಾಯಸ ಕುದೀತಿತ್ತು. ಬ್ರಾಹ್ಮಣರು ಎಲೆ ಮುಂದೆ ಕೂತಿದ್ರು. ಹೆಂಗೆ ಹೇಳ್ಲಿ? ಬಾಯಿ ಮುಚ್ಕೊಂಡು ಅದೇ ಮಡೀಲಿ ಬಡಿಸ್ಬಿಟ್ಟೆ. ಇವ್ರಿಗೆ ಗೊತ್ತಾದ್ರೆ ನನ್ನ ಮುಖ ನೋಡ್ತಾರಾ? ಅವ್ರ ಹೆತ್ತ ತಾಯಿ ಶ್ರಾದ್ಧ ಕೆಡಿಸಿದೆ ನಾನು."

ಯಾವ ಹುಡುಗಿಯ ಕಣ್ಣೀರಿಗೂ ಕರಗದ ಮೇಡಂ ಈಗ ವೇದವತಿಯವರ ಕೈ ಹಿಡಿದುಕೊಂಡರು. "ಇವತ್ತು ಸಂಜೆ ಯಜಮಾನ್ರಿಗೆ ಹೇಳಿ. ನೀವು ಹೇಳ್ದೇ ಇದ್ರೆ ನಾನು ಬಂದು ಹೇಳ್ತೀನಿ. ನನ್ನ ಗಂಟಲು ಗೊತ್ತಲ್ಲ, ಬ್ಯೂಗಲ್ ರಾಕ್‌ವರೆಗೂ ಕೇಳ್ಸುತ್ತೆ."

ಆ ಬೆದರಿಕೆ ಕೆಲಸ ಮಾಡಿತು. ಸಂಜೆ ವಾಕಿಂಗ್ ಮುಗಿಸಿ ಬಂದ ವಾದಿರಾಜ ರಾಯರು ಪೇಪರ್ ಬಿಡಿಸುತ್ತಿದ್ದಂತೆ ವೇದವತಿ ಹಿತ್ತಿಲ ಕೋಣೆಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟರು.

ರಾಯರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಯಾವುದಕ್ಕೂ ಸುಲಭವಾಗಿ ಸಹಿ ಹಾಕಿ ಅಭ್ಯಾಸವಿಲ್ಲ. "ಈ ವಯಸ್ಸಲ್ಲಿ ಇದೆಲ್ಲಾ ಇದ್ದಿದ್ದೇ. ಉಷ್ಣ ಆಗಿರುತ್ತೆ. ಬಾರ್ಲಿ ನೀರು ಕುಡಿ. ಡಾಕ್ಟ್ರ ಹತ್ರ ಹೋದ್ರೆ ಸ್ಕ್ಯಾನು, ಗೀನು ಅಂತ ಎಳೆದಾಡ್ತಾರೆ" ಅಂದರು.

"ಅಷ್ಟೇ ಅಲ್ಲ ರೀ. ಅಮ್ಮನ ಶ್ರಾದ್ಧದ ದಿನಾನೇ..." ಮಾತು ತಡವರಿಸಿದರೂ ವೇದವತಿ ಪೂರ್ತಿ ಹೇಳಿದರು. ಹೇಳಿ, ಬೈಗುಳಕ್ಕೆ ಕಾಯುತ್ತಾ ನಿಂತರು.

ರಾಯರು ಬೈಯಲಿಲ್ಲ. ಪೇಪರ್ ಮಡಿಸಿದರು. ಹೆಂಡತಿಯನ್ನು ನೋಡದೆ, ಆ ಕೋಣೆಯ ಚಾಪೆಯನ್ನೇ ನೋಡುತ್ತಾ ಕುಳಿತರು.

"ಅಮ್ಮನೂ ಕೊನೇ ವರ್ಷ ಇಲ್ಲೇ ಮಲಗ್ತಿದ್ರು" ಅಂದರು.

"ಹೌದಲ್ಲ. ವಯಸ್ಸಾಯ್ತು, ಒಬ್ಬಳೇ ಇರ್ತೀನಿ ಅಂದಿದ್ರು."

"ಒಂದಿನ ಬೆಳಗಿನ ಜಾವ ಹಿತ್ತಿಲ ನಲ್ಲಿ ಹತ್ರ ಬಟ್ಟೆ ಒಗೀತಿದ್ರು. ನೀರೆಲ್ಲಾ ಕೆಂಪಗಿತ್ತು. ಏನಮ್ಮಾ ಅಂದೆ. ಕಾಲಿಗೆ ಗಾಯ ಆಯ್ತು, ಯಾರಿಗೂ ಹೇಳ್ಬೇಡ ಅಂದ್ರು. ನಂಬಿಬಿಟ್ಟೆ. ಕಾಲು ತೋರ್ಸಿ ಅಂತ ಕೇಳ್ಲಿಲ್ಲ ವೇದಾ. ಆಮೇಲೆ ಹೊಟ್ಟೆನೋವು ಅಂತ ಮಲಗಿದವ್ರು ಏಳ್ಲೇ ಇಲ್ಲ."

ಆ ಮನೆಯಲ್ಲಿ ಯಾರಿಗೂ ಆ ರೋಗ ಇರಲಿಲ್ಲ ಅಂತ ವೇದವತಿ ಇಷ್ಟು ದಿನ ಧೈರ್ಯವಾಗಿ ಹೇಳಿಕೊಂಡು ಬಂದಿದ್ದರು. ಇರಲಿಲ್ಲವೋ, ಯಾರೂ ನೋಡಲಿಲ್ಲವೋ?

"ಅದೇ ಕಾಯಿಲೆನೋ ಅಲ್ವೋ, ಈಗ ಯಾರು ಹೇಳೋದು" ಅಂದರು ರಾಯರು. ಪೇಪರ್ ಪಕ್ಕಕ್ಕಿಟ್ಟು ಎದ್ದರು. "ಅಮ್ಮನ ಶ್ರಾದ್ಧ ಬರೋ ವರ್ಷಾನೂ ಬರುತ್ತೆ. ನೀನಿರ್ಬೇಕು. ಶ್ರೀವಿದ್ಯಾ! ಬಾಮ್ಮಾ ಇಲ್ಲಿ. ನಾಳೆ ಬೆಳಿಗ್ಗೆಗೆ ಲೇಡಿ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೋ."

ಸೊಸೆ ಓಡಿ ಬಂದವಳು ವಿಷಯ ಕೇಳಿ ಬೈದೇಬಿಟ್ಟಳು. "ಏನಮ್ಮಾ ನೀವು! ಮಂಡಿ ನೋವು ಅಂತ ನಾನು ದಿನಾ ಎಣ್ಣೆ ಬಿಸಿ ಮಾಡ್ಕೊಡ್ತಿದ್ದೆ!"

ಮಾರನೆಯ ದಿನ ಆಟೋದಲ್ಲಿ ಹೋದರು. ಹೆದರಿದಷ್ಟು ಏನೂ ಇರಲಿಲ್ಲ. ಡಾಕ್ಟರಮ್ಮ ಮೊದಲು ಸ್ಕ್ಯಾನ್ ಮಾಡಿಸಿದರು. ಒಳಪೊರೆ ಇರಬೇಕಾದ್ದಕ್ಕಿಂತ ದಪ್ಪಗಿತ್ತು. ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ವಲ್ಪ ಹೊತ್ತು ಹೊಟ್ಟೆ ಹಿಂಡಿದಂತಾಯಿತು, ಆಮೇಲೆ ಮನೆಗೆ ಬಂದು ಊಟ ಮಾಡಿದರು. ಕೆಲವು ದಿನ ಕಳೆದು ರಿಪೋರ್ಟ್ ಬಂತು.

ವೇದವತಿ ಆ ಹತ್ತನೆಯವರೇ ಆಗಿದ್ದರು. ಕ್ಯಾನ್ಸರ್ ಇತ್ತು. ಆದರೆ ಇನ್ನೂ ಒಳಪೊರೆಯಲ್ಲೇ ಇತ್ತು, ಆಚೆ ಕಾಲಿಟ್ಟಿರಲಿಲ್ಲ. ಗರ್ಭಕೋಶ ತೆಗೆದರು. ಈ ಹಂತಕ್ಕೆ ಬೇರೆ ಚಿಕಿತ್ಸೆ ಬೇಡ, ತಪ್ಪದೆ ತಪಾಸಣೆಗೆ ಬಂದರೆ ಸಾಕು ಅಂದರು.

ಆಸ್ಪತ್ರೆಯಿಂದ ಹೊರಡುವ ದಿನ ವೇದವತಿ ಒಂದೇ ಪ್ರಶ್ನೆ ಕೇಳಿದರು. "ಭಾದ್ರಪದದವರೆಗೆ ಕಾದಿದ್ರೆ ಏನಾಗ್ತಿತ್ತು ಡಾಕ್ಟ್ರೇ?"

"ಖಚಿತವಾಗಿ ಹೇಳೋಕಾಗಲ್ಲಮ್ಮ. ಒಳಗೆ ಗೋಡೆಗೆ ಇಳಿದಿದ್ರೆ ಒಂದು ಆಪರೇಷನ್‌ನಲ್ಲಿ ಮುಗೀತಿರ್ಲಿಲ್ಲ. ಬೇಗ ಬಂದ್ರಿ, ಒಳ್ಳೇದಾಯ್ತು."

ಮನೆಗೆ ಬಂದು ನೋಡಿದರೆ ಹೆಪ್ಪಿನ ಬಟ್ಟಲು ಖಾಲಿ. ಎಲ್ಲರೂ ಆಸ್ಪತ್ರೆ ಅಂತ ಓಡಾಡುವಾಗ ಮೊಸರು ಯಾರಿಗೆ ನೆನಪು? ಚಾಮರಾಜಪೇಟೆಯ ನಾದಿನಿಯೂ ಊರಲ್ಲಿರಲಿಲ್ಲ. ಅತ್ತೆಯ ಹೆಪ್ಪು ಇಲ್ಲಿಗೆ ಮುಗಿಯಿತು ಅಂತ ವೇದವತಿ ಮಲಗಿದ್ದಲ್ಲೇ ಮರುಗುತ್ತಿದ್ದಾಗ ಲಕ್ಷ್ಮೀದೇವಮ್ಮ ಒಂದು ಬಟ್ಟಲು ಮುಚ್ಚಿಕೊಂಡು ಬಂದರು. ಬಂದವರು ಬಾಗಿಲಲ್ಲೇ ನಿಂತರು. ಮಡಿಯ ಮನೆ ಇವರದು, ಮುದ್ದೆ ಕೋಳಿಸಾರಿನ ಮನೆ ಅವರದು. ಇಷ್ಟು ವರ್ಷದಲ್ಲಿ ಈ ಮನೆಯಿಂದ ಆ ಮನೆಗೆ ಹೆಪ್ಪು ಹೋಗಿತ್ತೇ ಹೊರತು, ಆ ಮನೆಯಿಂದ ಬಾಳೆಹಣ್ಣು ಬಿಟ್ಟು ಇನ್ನೇನೂ ಬಂದಿರಲಿಲ್ಲ.

"ನೀವು ಕೊಟ್ಟಿದ್ದರದ್ದೇ. ಬೇಕಾದ್ರೆ ಇಡ್ತೀನಿ, ಬೇಡ ಅಂದ್ರೆ ಬೇಜಾರಿಲ್ಲ" ಅಂದರು.

ವೇದವತಿ ಎರಡು ಕೈಯನ್ನೂ ಚಾಚಿದರು. "ಕೊಡಿ ಲಕ್ಷ್ಮಕ್ಕ. ಶ್ರೀವಿದ್ಯಾ, ಹಾಲು ಉಗುರುಬೆಚ್ಚಗಿದೆಯಾ ನೋಡು. ಇವತ್ತು ಹೆಪ್ಪು ನೀನೇ ಹಾಕು."

ಭಾದ್ರಪದ ಬಂತು. ಗಣೇಶನ ಹಬ್ಬದ ಮರುದಿನ ಮಠದ ಹಜಾರದಲ್ಲಿ ಋಷಿಪಂಚಮಿ. ಉದ್ಯಾಪನೆಗೆಂದು ಬಂದಿದ್ದವರೆಲ್ಲ ಮುಟ್ಟು ನಿಂತ ಹೆಂಗಸರೇ. ಅರ್ಘ್ಯ ಮುಗಿದು ಎಲ್ಲರೂ ಕುಂಕುಮಕ್ಕೆ ಕಾಯುತ್ತಿದ್ದಾಗ ವೇದವತಿ ಎದ್ದು ನಿಂತರು. ನಾಲ್ಕು ಜನರ ಮುಂದೆ ಮಾತಾಡಿ ಗೊತ್ತಿಲ್ಲದವರು.

"ಉದ್ಯಾಪನೆ ಮಾಡಿ, ಸಂತೋಷ. ನಾನೂ ಮಾಡಿದ್ದೆ. ಆದ್ರೆ ಒಂದು ಮಾತು ನೆನಪಿಟ್ಕೊಳಿ. ನಿಂತದ್ದು ಮತ್ತೆ ಒಂದು ಹನಿ ಕಂಡ್ರೂ ಅದು ವ್ರತದ ಲೋಪ ಅಲ್ಲ, ಮುಟ್ಟೂ ಅಲ್ಲ. ಮೂಲೇಲಿ ಕೂರ್ಬೇಡಿ. ಡಾಕ್ಟರ ಹತ್ರ ಹೋಗಿ. ನಮ್ಮತ್ತೆ ಕೂತೇ ಹೋದ್ರು. ನಾನು ಎದ್ದು ಹೋದೆ, ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದೀನಿ."

ಹಜಾರದಲ್ಲಿ ಗುಸುಗುಸು ಎದ್ದಿತು. ಇಂಥ ಜಾಗದಲ್ಲಿ ಇದೆಂಥ ಮಾತು ಅಂತ ಒಂದಿಬ್ಬರು ಮುಖ ಸಿಂಡರಿಸಿದ್ದೂ ಉಂಟು. ವೇದವತಿ ಕುಂಕುಮ ತೆಗೆದುಕೊಂಡು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಯಾರೋ ಹಿಂದಿನಿಂದ ಸೆರಗು ಎಳೆದರು. ತಿರುಗಿ ನೋಡಿದರೆ, ಅವತ್ತು ಉದ್ಯಾಪನೆಗೆ ಕುಳಿತಿದ್ದ ಹೆಂಗಸು. ಕೈಯಲ್ಲಿ ಇನ್ನೂ ಉಳಿದ ಉತ್ತರಾಣಿ ಕಡ್ಡಿಯ ಕಟ್ಟು. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು.

"ಅಮ್ಮಾ, ಒಂದು ಹನಿ ಅಂದ್ರೆ... ಒಂದೇ ಒಂದು ಹನಿನಾ?"

"ಒಂದೇ ಒಂದು" ಅಂದರು ವೇದವತಿ. "ನಡೀರಿ, ನಾಳೆ ನಾನೇ ನಿಮ್ಮ ಜತೆ ಬರ್ತೀನಿ."

ಓದುತ್ತಿರುವ ಅಕ್ಕತಂಗಿಯರೇ, ಕೇಳುತ್ತಿರುವ ಅಣ್ಣತಮ್ಮಂದಿರೇ, ವಯಸ್ಸು ಎಲ್ಲರಿಗೂ ಆಗುತ್ತದೆ. ವಯಸ್ಸಾದಂತೆ ನಮ್ಮೆಲ್ಲರ ಜೀವಕೋಶಗಳಲ್ಲೂ ಸಣ್ಣಪುಟ್ಟ ತಪ್ಪುಗಳು ಸೇರುತ್ತಾ ಹೋಗುತ್ತವೆ. ಅದಕ್ಕೆ ಮನೆತನ ಗೊತ್ತಿಲ್ಲ, ಮಡಿ ಗೊತ್ತಿಲ್ಲ, ಒಳ್ಳೆಯವರು ಕೆಟ್ಟವರು ಗೊತ್ತಿಲ್ಲ. ಹೆದರಿ ಕೂರಬೇಡಿ, ಹೆಚ್ಚಿನವು ಏನೂ ಮಾಡುವುದಿಲ್ಲ. ಆದರೆ ನಿಂತ ಮುಟ್ಟು ಮತ್ತೆ ಕಂಡರೆ, ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ಬಾಯಿಯ ಹುಣ್ಣು ವಾರಗಟ್ಟಲೆ ಮಾಯದಿದ್ದರೆ, ಹಬ್ಬ ಕಳೆಯಲಿ, ಮದುವೆ ಮುಗಿಯಲಿ ಅಂತ ಮುಂದೂಡಬೇಡಿ. ಏನೂ ಕಾಣದಿದ್ದರೂ ನಿಮ್ಮ ವಯಸ್ಸಿಗೆ ಯಾವ ತಪಾಸಣೆ ಬೇಕು ಅಂತ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕೇಳಿ.

ನಿಮ್ಮ ಮನೆಯಲ್ಲಿ ಅಮ್ಮನೋ ಅತ್ತೆಯೋ ಕಾರಣ ಹೇಳದೆ ಹಿತ್ತಿಲ ಕೋಣೆ ಸೇರಿದ್ದಾರೆಯೇ? ಕಾಲಿಗೆ ಗಾಯ ಅಂದರೆ ನಂಬಿ ಸುಮ್ಮನಾಗಬೇಡಿ. ಇವತ್ತೇ ಹೋಗಿ, ಪಕ್ಕದಲ್ಲಿ ಕುಳಿತು ಕೇಳಿ.